ಎಂಜಿನ್ ತರುವ ಮೊದಲು ತಕ್ಕಡಿ ತನ್ನಿ

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಅಂಗಡಿಗೆ ಹೋಗಿ, ಒಂದು ಭಾನುವಾರದ ಮಟ್ಟಿಗೆ ಮೂರು ಎಲೆಕ್ಟ್ರಾನಿಕ್ ತಕ್ಕಡಿ ಬೇಕಿತ್ತು ಅಂತ ಕೇಳಿದೆ. ಚೀಲ ತೂಗುವಂಥದ್ದು, ನೆಲದ ಮೇಲೆ ಇಡುವ ಅಗಲ ತಟ್ಟೆಯದು. "ಮೂರು ಯಾಕ್ರೀ? ಏನ್ ತೂಗ್ತೀರಿ?" ಅಂದರು ಅಂಗಡಿಯವರು. "ವಿಮಾನ" ಅಂದೆ. ಅವರು ನನ್ನ ಮುಖ ಒಂದು ಸಲ ನೋಡಿ, ಹುಡುಗನ ಕಡೆ ತಿರುಗಿ "ಇವ್ರಿಗೆ ಒಂದು ಟೀ ಹೇಳಪ್ಪ" ಅಂದರು. ತಕ್ಕಡಿಯನ್ನೂ ಕೊಟ್ಟರು ಅನ್ನಿ.

ವಿಮಾನ ನನ್ನದಲ್ಲ, ಗೆಳೆಯನದು. ಹರಿಹರ ರಸ್ತೆಯ ಒಂದು ಶೆಡ್ಡಿನಲ್ಲಿ ಆರು ವರ್ಷದಿಂದ ಕಟ್ಟುತ್ತಿದ್ದಾನೆ. ಎರಡು ಸೀಟು, ಉಕ್ಕಿನ ಪೈಪಿನ ಚೌಕಟ್ಟು, ಮೇಲೆ ಬಟ್ಟೆ ಹೊದಿಸಿದ ರೆಕ್ಕೆ. ನನ್ನದು ಲೇತ್ ಕೆಲಸ. ನಾಲ್ಕು ಬುಷ್ ಮಾಡಿಕೊಡಲು ಹೋದವನು ಅಲ್ಲೇ ಸಿಕ್ಕಿಬಿದ್ದೆ. ಮೊದಲು ಕೂರಿಸಿದ್ದು 65 ಎಚ್‌ಪಿಯ ರೋಟಾಕ್ಸ್ 582. ಅದನ್ನು ಇಳಿಸಿ ದೊಡ್ಡದು ಹಾಕುವುದು ಈಗಿನ ಕೆಲಸ. ಸ್ವಂತ ವಿಮಾನ ಕಟ್ಟುವವರು ನಮ್ಮ ಕಡೆ ಬೆರಳೆಣಿಕೆಯಷ್ಟೂ ಇಲ್ಲ. ಅದಕ್ಕೆ ಯಾವ ಎಂಜಿನ್ ಹಾಕಬೇಕು ಅಂತ ಹೇಳುವವರು ಮಾತ್ರ ಊರು ತುಂಬ ಇದ್ದಾರೆ. ಎಲ್ಲರೂ ಮೊದಲು ಕೇಳುವುದು "ಎಷ್ಟು ಎಚ್‌ಪಿ?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳುವ ಪ್ರಶ್ನೆ.

ಮೊದಲು ತೂಕ

ವಿಮಾನವನ್ನು ಹಾರುವ ಭಂಗಿಯಲ್ಲಿ ಮಟ್ಟಸವಾಗಿ ನಿಲ್ಲಿಸಿ, ಮೂರು ಚಕ್ರದ ಕೆಳಗೆ ಮೂರು ತಕ್ಕಡಿ ಇಡಿ. ಶೆಡ್ಡಿನ ಬಾಗಿಲು ಹಾಕಿ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಗಾಳಿಯಂತ್ರ ತಿರುಗಿಸುವ ಗಾಳಿ ನಮ್ಮೂರಿಗೂ ಬರುತ್ತದೆ. ರೆಕ್ಕೆ ಮೇಲೆ ಅದು ಸ್ವಲ್ಪ ಆಡಿದರೂ ತಕ್ಕಡಿ ಸುಳ್ಳು ಹೇಳುತ್ತದೆ. ಆಮೇಲೆ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು, ಫೈರ್‌ವಾಲಿನಿಂದ, ಅಂದರೆ ಎಂಜಿನ್ನಿಗೂ ಪೈಲಟ್ಟಿಗೂ ನಡುವಿನ ತಗಡಿನ ಗೋಡೆಯಿಂದ, ಒಂದೊಂದು ಚಕ್ರ ಎಷ್ಟು ದೂರ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಪ್ರತಿ ಚಕ್ರದ ತೂಕವನ್ನು ಅದರ ದೂರದಿಂದ ಗುಣಿಸಿ, ಮೂರನ್ನೂ ಕೂಡಿ (ಫೈರ್‌ವಾಲಿಗಿಂತ ಮುಂದಿರುವ ಚಕ್ರದ್ದಾದರೆ ಕಳೆಯಿರಿ), ಒಟ್ಟು ತೂಕದಿಂದ ಭಾಗಿಸಿ. ಸಿಕ್ಕಿದ್ದೇ ಸಿಜಿ, ವಿಮಾನದ ತೂಕ ನಿಂತಿರುವ ಜಾಗ.

ಎಂಜಿನ್ ಬದಲಿಸಿದರೆ ಇದು ಎಷ್ಟು ಸರಿಯುತ್ತದೆ ನೋಡಿ. ಬರೀ ವಿಮಾನ 300 ಕೆ.ಜಿ. ಇದೆ ಅಂತಿಟ್ಟುಕೊಳ್ಳಿ. ಹೊಸ ಎಂಜಿನ್ ರೇಡಿಯೇಟರ್, ಆಯಿಲ್ ಟ್ಯಾಂಕ್ ಎಲ್ಲಾ ಸೇರಿ ಹಳೆಯದಕ್ಕಿಂತ 25 ಕೆ.ಜಿ. ಜಾಸ್ತಿ. ಅದು ಕೂರುವ ಜಾಗ ಸಿಜಿಯಿಂದ 1.1 ಮೀಟರ್ ಮುಂದೆ. 25 ಗುಣಿಸು 1.1, ಭಾಗಿಸು 325. ಸಿಜಿ ಸುಮಾರು 8.5 ಸೆಂ.ಮೀ. ಮುಂದಕ್ಕೆ ಹೋಯಿತು. ಒಂದು ಗೇಣೂ ಇಲ್ಲವಲ್ಲ ಅನ್ನಬೇಡಿ. ಇಂಥ ವಿಮಾನದಲ್ಲಿ ಸಿಜಿ ಓಡಾಡಲು ಇರುವ ಜಾಗವೇ 15-20 ಸೆಂ.ಮೀ. ಮೂಗು ಭಾರವಾದರೆ ಇಳಿಯುವಾಗ ಪೈಲಟ್ ಕೈಯ ಕಂಟ್ರೋಲ್ ಕಡ್ಡಿ ಎಷ್ಟು ಎಳೆದರೂ ಮೂಗು ಏಳುವುದಿಲ್ಲ. ಬಾಲ ಭಾರವಾದರೆ ಇನ್ನೂ ಅಪಾಯ.

ನಾವು 7 ಕೆ.ಜಿ.ಯ ಬ್ಯಾಟರಿಯನ್ನು ಫೈರ್‌ವಾಲಿನಿಂದ ಕಿತ್ತು, 2 ಮೀಟರ್ ಹಿಂದೆ ಸೀಟಿನ ಬೆನ್ನಿಗೆ ಹಾಕುವ ಲೆಕ್ಕ ಮಾಡಿದೆವು. 4 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ವಾಪಸ್ ಬಂತು. ಉಳಿದದ್ದಕ್ಕೆ ಎಂಜಿನ್ ಕೂರುವ ಚೌಕಟ್ಟನ್ನೇ ಗಿಡ್ಡ ಮಾಡಿ, ಎಂಜಿನ್ನನ್ನು ಫೈರ್‌ವಾಲಿಗೆ ಹತ್ತಿರ ತಂದೆವು. ಬಾಲಕ್ಕೆ ಸೀಸ ಕಟ್ಟುವ ಐಡಿಯಾ ಕೊಟ್ಟವರೂ ಇದ್ದರು. ಕೊನೆಯ ದಾರಿ ಅದು, ಸುಮ್ನೆ ಸತ್ತ ತೂಕ ಹೊತ್ತುಕೊಂಡು ಹಾರಬೇಕು. ಈ ಲೆಕ್ಕ ಕಾಗದದ ಮೇಲೆ ಕೂಡಿಬಂದ ಮೇಲೆಯೇ ಎಂಜಿನ್ನಿಗೆ ದುಡ್ಡು ಕೊಡಿ. ಕೂರಿಸಿದ ಮೇಲೆ ಮತ್ತೊಮ್ಮೆ ತೂಗಿ.

ನಮ್ಮ ಬಿಸಿಲಿನ ಲೆಕ್ಕ

ಈಗ ಎಚ್‌ಪಿ ವಿಷಯ. ಕಂಪನಿ ಬರೆಯುವ ಎಚ್‌ಪಿ ಸಮುದ್ರ ಮಟ್ಟದ, 15 ಡಿಗ್ರಿ ಚಳಿಯ ಲೆಕ್ಕ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಚಿತ್ರದುರ್ಗ ಇನ್ನೂ ಮೇಲೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ನಮ್ಮೂರು 1600 ಮೀಟರ್ ಎತ್ತರದ ಬೆಟ್ಟ ಆಗಿಬಿಡುತ್ತದೆ. ಟರ್ಬೊ ಇಲ್ಲದ 100 ಎಚ್‌ಪಿ ಎಂಜಿನ್ ಅಲ್ಲಿ ಕೊಡುವುದು ಸುಮಾರು 85. ರೆಕ್ಕೆಗೂ ಪ್ರೊಪೆಲ್ಲರಿಗೂ ಅದೇ ತೆಳು ಗಾಳಿ. 65ರ ಎಂಜಿನ್ನಿನಲ್ಲಿ ಇಬ್ಬರು ಕೂತು ಮಧ್ಯಾಹ್ನ ಏರುವ ಆಸೆ ಬಿಟ್ಟದ್ದು ಈ ಕಾರಣಕ್ಕೆ.

ಜಾಸ್ತಿ ಎಚ್‌ಪಿ ಹಾಕಿದರೆ ಜಾಸ್ತಿ ಸ್ಪೀಡು ಅಂದುಕೊಂಡರೆ ಮಾತ್ರ ನಿರಾಸೆ ಖಾತ್ರಿ. ಶಕ್ತಿಯನ್ನು 80ರಿಂದ 100ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಶೇ 7-8 ಅಷ್ಟೇ. ಲಾಭ ಇರುವುದು ಮೇಲೇರುವುದರಲ್ಲಿ. 80 ಎಚ್‌ಪಿಯಲ್ಲಿ ಏರುವಾಗ ಪ್ರೊಪೆಲ್ಲರ್ ನಿಜವಾಗಿ ಕೆಲಸಕ್ಕೆ ಕೊಡುವುದು 52 ಅಂತ ಹಿಡಿಯಿರಿ. ಬೀಳದೆ ಮಟ್ಟಸವಾಗಿ ಹಾರಲು 20 ಬೇಕು. ಏರಲು ಉಳಿಯುವುದು 32. 100 ಎಚ್‌ಪಿಯಲ್ಲಿ 65 ಸಿಗುತ್ತದೆ, ಉಳಿಯುವುದು 45. ಎಂಜಿನ್ ದೊಡ್ಡದಾದದ್ದು ಶೇ 25, ಏರುವ ಶಕ್ತಿ ಹೆಚ್ಚಿದ್ದು ಶೇ 40. ಆದರೆ ಚೌಕಟ್ಟಿಗೆ ಬರೆದಿರುವ ಗರಿಷ್ಠ ವೇಗ ಎಂಜಿನ್ ಬದಲಿಸಿದ ಮಾತ್ರಕ್ಕೆ ಬದಲಾಗುವುದಿಲ್ಲ. ಅದನ್ನು ದಾಟಿದರೆ ರೆಕ್ಕೆ ಬಾಲ ನಡುಗಲು ಶುರುವಾಗುತ್ತವೆ, ಕಿತ್ತೂ ಹೋಗಬಹುದು.

ಯಾವುದು ತರೋಣ?

"ಮಾರುತಿ ಎಂಜಿನ್ ಹಾಕ್ರೀ, ಪಾರ್ಟ್ಸ್ ಎಲ್ಲಾ ಕಡೆ ಸಿಗ್ತಾವ" ಅನ್ನುವವರು ವಾರಕ್ಕೊಬ್ಬರು ಸಿಗುತ್ತಾರೆ. ಮಾತು ಪೂರ್ತಿ ಹುಚ್ಚಲ್ಲ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಹಾಕಿಕೊಂಡು ಹೊರದೇಶಗಳಲ್ಲಿ ದಶಕಗಳಿಂದ ಹಾರುತ್ತಿದ್ದಾರೆ. ಆದರೆ ಕಾರು ರಸ್ತೆಯಲ್ಲಿ ಹೋಗುವಾಗ ತನ್ನ ಶಕ್ತಿಯ ಸಣ್ಣ ಪಾಲನ್ನು ಮಾತ್ರ ಬಳಸುತ್ತದೆ. ವಿಮಾನದ ಎಂಜಿನ್ ಗಂಟೆಗಟ್ಟಲೆ ಮುಕ್ಕಾಲು ಪಾಲು ಶಕ್ತಿಯಲ್ಲಿ ದುಡಿಯಬೇಕು. ಕಾರಿನದ್ದಕ್ಕೆ ಇಗ್ನಿಷನ್ ಒಂದೇ, ಇಲ್ಲಿ ಎರಡು ಬೇಕು. ಮೇಲೆ ಗೇರ್ ಪೆಟ್ಟಿಗೆ ನೀವೇ ಮಾಡಿಸಬೇಕು. ಲೇತ್ ಇಟ್ಟುಕೊಂಡಿರುವ ನಾನೇ ಅದಕ್ಕೆ ಕೈ ಹಾಕಲಿಲ್ಲ. 1903ರಲ್ಲಿ ರೈಟ್ ಸಹೋದರರ 12 ಎಚ್‌ಪಿ ಎಂಜಿನ್ನನ್ನು ಅವರ ಮೆಕ್ಯಾನಿಕ್ ಚಾರ್ಲಿ ಟೇಲರ್ ಒಂದು ಲೇತ್, ಒಂದು ಡ್ರಿಲ್ ಇಟ್ಟುಕೊಂಡು ಆರು ವಾರದಲ್ಲಿ ಮಾಡಿದ್ದ. ನಮ್ಮ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಮುಂದೆ ನಿಂತಾಗಲೆಲ್ಲ ಅವನು ನೆನಪಾಗುತ್ತಾನೆ. ಅವನ ಧೈರ್ಯ ನನಗಿಲ್ಲ.

ಗೇರ್ ಪೆಟ್ಟಿಗೆ ಯಾಕೆ ಬೇಕು? ರೋಟಾಕ್ಸ್ 912 ಎಂಜಿನ್ ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ 5800 ಸುತ್ತಿನಲ್ಲಿ. 1.7 ಮೀಟರ್ ಪ್ರೊಪೆಲ್ಲರನ್ನು ನೇರ ಅದಕ್ಕೇ ಸಿಕ್ಕಿಸಿದರೆ ಅದರ ತುದಿ ಶಬ್ದಕ್ಕಿಂತ ಜೋರಾಗಿ ಓಡಬೇಕಾಗುತ್ತದೆ. ಆಗ ಬರೀ ಗದ್ದಲ, ಎಳೆತ ಇಲ್ಲ. 100 ಎಚ್‌ಪಿಯ 912 ಯುಎಲ್‌ಎಸ್‌ನಲ್ಲಿ 2.43ಕ್ಕೆ ಒಂದರಂತೆ ಇಳಿಸಿ, ಪ್ರೊಪೆಲ್ಲರನ್ನು 2400ರ ಒಳಗೆ ತಿರುಗಿಸುತ್ತಾರೆ. ಆಸ್ಟ್ರೇಲಿಯಾದ ಜಬಿರು 2200 ಎಂಜಿನ್ನಿನಲ್ಲಿ ಗೇರ್ ಇಲ್ಲ, 3300 ಸುತ್ತಿಗೆ ನೇರ ಪ್ರೊಪೆಲ್ಲರ್. ಸರಳ, ಹಗುರ. ಆದರೆ ಪೂರ್ತಿ ಗಾಳಿಯಿಂದಲೇ ತಣ್ಣಗಾಗಬೇಕು, ನಮ್ಮ ಬೇಸಿಗೆಯಲ್ಲಿ ಸಿಲಿಂಡರ್ ಬಿಸಿಯ ಮೀಟರಿನ ಮೇಲೆ ಕಣ್ಣಿಟ್ಟೇ ಹಾರಬೇಕು. ಅಮೆರಿಕದ ಕಾಂಟಿನೆಂಟಲ್ ಒ-200, ಲೈಕಮಿಂಗ್ ಒ-320 ಗಟ್ಟಿ ಕುಳಗಳು. ಬೇಕಿರುವುದು ಏವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್, ತೂಕವೂ ಜಾಸ್ತಿ. ಡಿಆರ್‌ಡಿಒದ ರುಸ್ತುಂ-1 ಡ್ರೋನಿಗೆ ಹಾಕಿದ್ದು ಇದೇ ಒ-320. ಆ ಡ್ರೋನಿನ ಮೂಲವೂ ಮನೆಯಲ್ಲಿ ಕಟ್ಟಿಕೊಳ್ಳುವ ವಿಮಾನವೇ, ಬರ್ಟ್ ರುಟಾನ್ ಎಂಬವರ ಲಾಂಗ್-ಇಝಡ್ ವಿನ್ಯಾಸ.

ನಮ್ಮ ಆಯ್ಕೆ 912ಕ್ಕೆ ನಿಂತಿತು. 582 ಟೂ-ಸ್ಟ್ರೋಕ್, 300 ಗಂಟೆಗೆ ಬಿಚ್ಚಿ ಓವರ್‌ಹಾಲ್ ಮಾಡಬೇಕು. 912 ಫೋರ್-ಸ್ಟ್ರೋಕ್, ಈಗಿನವಕ್ಕೆ 2000 ಗಂಟೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿದ ಸಣ್ಣ ವಿಮಾನ ಹಂಸ-3ರಲ್ಲಿ ಇದೇ ಮನೆತನದ ಟರ್ಬೊ ಎಂಜಿನ್ 914 ಇತ್ತು, ಹೊಸ ಹಂಸ-ಎನ್‌ಜಿಯಲ್ಲಿ 912 ಐಎಸ್ ಇದೆ. ಕೈ ಪಳಗಿದ ಜನ ಹತ್ತಿರದಲ್ಲಿ ಸಿಗುತ್ತಾರೆ ಅನ್ನುವುದೂ ಒಂದು ಲೆಕ್ಕ.

ಹಳೇ ಎಂಜಿನ್ ಕೊಳ್ಳುವವರಿಗೆ ಒಂದು ಮಾತು. ನಾವು ಮೊದಲು ನೋಡಿದ ಎಂಜಿನ್ "ಬರೀ ಇನ್ನೂರು ಗಂಟೆ ಓಡಿದ್ದು" ಅಂದರು ಮಾರುವವರು. ಲಾಗ್‌ಬುಕ್ ಕೇಳಿದರೆ ಊರಲ್ಲಿದೆ ಅಂದರು. ಆಯಿಲ್ ಫಿಲ್ಟರ್ ಬಿಚ್ಚಿ ಕೊಡಿ ಅಂದೆ. ಡಬ್ಬ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಳಿ ಬಟ್ಟೆ ಮೇಲೆ ಹರಡಿ ಬಿಸಿಲಿಗೆ ಹಿಡಿದೆವು. ಜರಿ ಸೀರೆಯ ಹಾಗೆ ಮಿನುಗಿತು. ಅಯಸ್ಕಾಂತ ತಂದರೆ ಅರ್ಧ ಪುಡಿ ಅದಕ್ಕೆ ಅಂಟಿತು. ಉಕ್ಕು ಅಂದರೆ ಬೇರಿಂಗೋ ಗೇರೋ ಸವೆಯುತ್ತಿದೆ ಅಂತ. ಟೀ ಕುಡಿದು ಎದ್ದು ಬಂದೆವು. ಪ್ರೊಪೆಲ್ಲರ್ ಯಾವತ್ತಾದರೂ ನೆಲಕ್ಕೆ ಬಡಿದಿತ್ತಾ ಅಂತಲೂ ಕೇಳಿ. ಬಡಿದಿದ್ದರೆ ಕ್ರ್ಯಾಂಕ್ ಪರೀಕ್ಷೆ ಮಾಡಿಸದೆ ಮುಟ್ಟಬೇಡಿ.

ಬಂಕಿನ ಪೆಟ್ರೋಲ್ ಸಾಲದು

ಜನ ಮರೆಯುವುದು ಇದನ್ನೇ. ರೋಟಾಕ್ಸ್ 912ಕ್ಕೆ ಎಥನಾಲ್ ಶೇ 10ರವರೆಗೆ ಮಾತ್ರ ಸರಿ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ್ದು. ಅನುಮಾನ ಇದ್ದರೆ ನೀವೇ ನೋಡಬಹುದು. 100 ಮಿ.ಲೀ. ಗೀಟು ಇರುವ ಗಾಜಿನ ಕೊಳವೆಗೆ 20 ಮಿ.ಲೀ. ನೀರು, ಮೇಲೆ 80 ಮಿ.ಲೀ. ಪೆಟ್ರೋಲ್ ಹಾಕಿ, ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ಬೆಂಕಿ ಹತ್ತಿರ ಬೇಡ. ಎಥನಾಲ್ ಪೆಟ್ರೋಲ್ ಬಿಟ್ಟು ನೀರಿಗೆ ಇಳಿಯುತ್ತದೆ. ನೀರಿನ ಗೆರೆ 28ಕ್ಕೆ ಬಂದರೆ ಶೇ 10, 36ಕ್ಕೆ ಬಂದರೆ ಶೇ 20. ನಾವು ನೋಡಿದಾಗ 35 ದಾಟಿತ್ತು. ಇಂಥ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರ್ ಪೈಪನ್ನೂ ಫೈಬರ್ ಟ್ಯಾಂಕಿನ ಅಂಟನ್ನೂ ತಿನ್ನುತ್ತದೆ.

ಆಕ್ಟೇನ್ ಕೂಡ ನೋಡಿ. 100 ಎಚ್‌ಪಿಯ ಯುಎಲ್‌ಎಸ್‌ಗೆ 95 ಬೇಕು, 80 ಎಚ್‌ಪಿಯ ಯುಎಲ್‌ಗೆ 90 ಸಾಕು. ಏವ್‌ಗ್ಯಾಸ್ ಹಾಕಬಹುದು. ಇಂಡಿಯನ್ ಆಯಿಲ್ 2022ರಿಂದ ಇಲ್ಲೇ ತಯಾರಿಸುತ್ತಿದೆ. ಅದರಲ್ಲಿ ಸೀಸ ಇರುವುದರಿಂದ ಆಯಿಲ್ ಮಾತ್ರ ಬೇಗ ಬೇಗ ಬದಲಿಸಬೇಕು.

ಕೂರಿಸುವುದು

ಚೌಕಟ್ಟಿನ ವೆಲ್ಡಿಂಗನ್ನು ಗೇಟು ಕಿಟಕಿ ಮಾಡುವವರಿಗೆ ಕೊಡಬೇಡಿ, ಟಿಗ್ ವೆಲ್ಡಿಂಗ್ ಗೊತ್ತಿರುವವರೇ ಬೇಕು. ಎಂಜಿನ್ ಬದಿಗೆ ನೈಲಾನ್ ಬಳೆಯ ನಟ್ ಹಾಕಬೇಡಿ, ಬಿಸಿಗೆ ನೈಲಾನ್ ಮೆತ್ತಗಾಗುತ್ತದೆ. ಉಕ್ಕಿನ ಲಾಕ್ ನಟ್, ಇಲ್ಲವೆ ತೂತಿನ ಬೋಲ್ಟಿಗೆ ತಂತಿ ಹೊಸೆದು ಕಟ್ಟಿ. ಗಾಳಿ ಒಳಗೆ ಬರುವ ಬಾಯಿಗಿಂತ ಹೊರಗೆ ಹೋಗುವ ಬಾಯಿ ದೊಡ್ಡದಿರಲಿ. ಬಿಸಿಯಾದ ಗಾಳಿ ಹಿಗ್ಗುತ್ತದಲ್ವಾ? ಹಳೇ ಪ್ರೊಪೆಲ್ಲರ್ ಹೊಸ ಎಂಜಿನ್ನಿಗೆ ನಡೆಯುತ್ತದೆ ಅಂದುಕೊಳ್ಳಬೇಡಿ. ತಿರುಗುವ ದಿಕ್ಕಿನಿಂದ ಹಿಡಿದು ಎಲ್ಲಾ ಬೇರೆ ಇರಬಹುದು.

ಕಾಗದಪತ್ರ ಇದರ ಜೊತೆಗೇ ಓಡಲಿ. ಎಂಜಿನ್ ಬದಲಾವಣೆಯ ತೂಕದ ಲೆಕ್ಕ, ಚಿತ್ರ ಎಲ್ಲಾ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಗೆ ಹೋಗಬೇಕು. ಅನುಮತಿ ಇಲ್ಲದೆ ನೆಲ ಬಿಡುವ ಹಾಗಿಲ್ಲ. ಮುಂಬಯಿಯಲ್ಲಿ ಮನೆಯ ತಾರಸಿ ಮೇಲೆ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರಿಗೆ 2017ರಲ್ಲಿ ನೋಂದಣಿ ಸಿಕ್ಕಿ, ಹಾರಲು ಅನುಮತಿ ಬಂದದ್ದು 2019ರಲ್ಲಿ. ನಮ್ಮ ಕಡೆ ಇನ್ನೊಂದು ವಿಷಯ ಇದೆ. ಚಳ್ಳಕೆರೆ ಹತ್ತಿರ ಡಿಆರ್‌ಡಿಒ ಪರೀಕ್ಷಾ ನೆಲೆ ಇದೆ, ಇಸ್ರೊದ ರೆಕ್ಕೆಯ ರಾಕೆಟ್ ಇಳಿದದ್ದೂ ಅಲ್ಲೇ. ಆ ಆಕಾಶದ ಹತ್ತಿರ ಕೇಳದೆ ಸುಳಿಯಬೇಡಿ.

ಸ್ಟಾರ್ಟ್ ಮಾಡುವ ಮೊದಲು

ಪೆಟ್ರೋಲ್ ಹರಿವು ಅಳೆಯಿರಿ. 100 ಎಚ್‌ಪಿ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ರೆಕ್ಕೆ ಟ್ಯಾಂಕಿನಿಂದ ತಾನಾಗಿ ಇಳಿದು ಬರುವುದಾದರೆ ಅದರ ಒಂದೂವರೆ ಪಟ್ಟು, ಅಂದರೆ ನಿಮಿಷಕ್ಕೆ 675 ಮಿ.ಲೀ. ಬರಬೇಕು. ಅದೂ ಮೂಗು ಮೇಲೆತ್ತಿ ಏರುವ ಭಂಗಿಯಲ್ಲಿ. ಮುಂದಿನ ಚಕ್ರದ ಕೆಳಗೆ ಇಟ್ಟಿಗೆ ಪೇರಿಸಿ, ಕಾರ್ಬುರೇಟರಿನ ಪೈಪ್ ಬಿಚ್ಚಿ ಅಳತೆ ಜಗ್ಗಿಗೆ ಬಿಟ್ಟು, ಮೊಬೈಲಿನಲ್ಲಿ ಒಂದು ನಿಮಿಷ ಹಿಡಿದೆವು. ಬಂದದ್ದು 520. ಫಿಲ್ಟರ್ ನೋಡಿದೆವು, ಕಾಕ್ ನೋಡಿದೆವು, ಎಲ್ಲಾ ಸರಿ ಇತ್ತು. ಕೊನೆಗೆ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ಕೊಳವೆಗೆ ತಂತಿ ಹಾಕಿದರೆ ಮಣ್ಣು ಉದುರಿತು. ಕಣಜ ಗೂಡು ಕಟ್ಟಿತ್ತು. ತೆಗೆದ ಮೇಲೆ 710 ಬಂತು. ಈಗ ಆ ಕೊಳವೆ ಬಾಯಿಗೆ ಜಾಲರಿ ಇದೆ.

ಮೊದಲ ಸ್ಟಾರ್ಟಿಗೆ ಬಾಲವನ್ನು ಗಟ್ಟಿ ಗೂಟಕ್ಕೆ ಹಗ್ಗದಲ್ಲಿ ಬಿಗಿಯಿರಿ, ಚಕ್ರಕ್ಕೆ ಅಡ್ಡ ಕೊಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಡಿ, ಪ್ರೊಪೆಲ್ಲರಿನ ಸಾಲಿನಲ್ಲಿ ಯಾರೂ ನಿಲ್ಲಬೇಡಿ. ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟರೆ 5200 ಸುತ್ತಿನ ಆಸುಪಾಸು ಬರಬೇಕು. ತೀರಾ ಕಮ್ಮಿ ಬಂದರೆ ಪ್ರೊಪೆಲ್ಲರಿನ ಕೋನ ಜಾಸ್ತಿಯಾಗಿದೆ, 5800ಕ್ಕೆ ಹಾರಿದರೆ ಕಮ್ಮಿಯಾಗಿದೆ.

ನಾವು ಪ್ರತಿ ನಟ್ಟಿನ ಮೇಲೂ ಬಿಗಿದ ದಿನವೇ ಕೆಂಪು ಬಣ್ಣದ ಒಂದು ಗೆರೆ ಎಳೆದಿದ್ದೆವು, ನಟ್ಟಿನಿಂದ ಚೌಕಟ್ಟಿನವರೆಗೆ. ಒಂದು ಗಂಟೆ ಓಡಿಸಿ, ತಣ್ಣಗಾಗಲು ಬಿಟ್ಟು, ಮುಚ್ಚಳ ತೆಗೆದು ಟಾರ್ಚ್ ಹಿಡಿದು ಒಂದೊಂದೇ ಗೆರೆ ನೋಡಿದೆವು. ಸೈಲೆನ್ಸರಿನ ಹತ್ತಿರದ ಒಂದು ನಟ್ಟಿನ ಗೆರೆ ಎರಡು ತುಂಡಾಗಿ, ಭತ್ತದ ಕಾಳಿನಷ್ಟು ಪಕ್ಕಕ್ಕೆ ಸರಿದಿತ್ತು. ಅದನ್ನು ಬದಲಿಸಿ, ಹೊಸ ಗೆರೆ ಎಳೆದು, ಲಾಗ್‌ಬುಕ್ಕಿನಲ್ಲಿ ಬರೆದು, ಮತ್ತೆ ಒಂದು ಗಂಟೆ ಓಡಿಸಿದೆವು.