ಬಗ್ಗುವ ಕಬ್ಬಿಣ ಕೊಂಡು ಬಗ್ಗಿಸದಿದ್ದರೆ ಹೇಗೆ?

ಗಾಲ್ಫ್ ಆಡುವ ಉಕ್ಕಿನ ತಲೆಯ ಕ್ಲಬ್ಬಿಗೆ ಐರನ್ ಎನ್ನುತ್ತಾರೆ. ಅದರಲ್ಲಿ ಫೋರ್ಜ್ಡ್, ಅಂದರೆ ಕಾಯಿಸಿ ಬಡಿದು ಮಾಡಿದ ಐರನ್ ಕೊಳ್ಳಲು ಗಟ್ಟಿಯಾದ ಕಾರಣ ಒಂದೇ: ಅದು ಬಗ್ಗುತ್ತದೆ. ತಲೆಯನ್ನು ಶಾಫ್ಟಿಗೆ, ಅಂದರೆ ಕೋಲಿಗೆ, ಸೇರಿಸುವ ಕತ್ತನ್ನು ಬಗ್ಗಿಸಿ ಕೋನಗಳನ್ನು ನಿಮ್ಮ ಅಳತೆಗೆ ತಿದ್ದಿಸಬಹುದು. ಚೆಂಡಿಗೆ ತಾಗಿದಾಗಿನ ಮೆತ್ತನೆಯ ಅನುಭವ, ಕನ್ನಡಿಯಂಥ ಹೊಳಪು, ಜೊತೆಗೆ ಆಡುವವರ ಕಣ್ಣಿನಲ್ಲಿ ಏರುವ ಮರ್ಯಾದೆ, ಇವೆಲ್ಲ ಆಮೇಲಿನ ಮಾತು. ಪುಣೆಯ ಒಂದು ಫೋರ್ಜಿಂಗ್ ಕಾರ್ಖಾನೆಯ ಲೋಹ ಪರೀಕ್ಷಾ ವಿಭಾಗದಲ್ಲಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್‌ಗಳನ್ನು ಕೊಯ್ದು, ಉಜ್ಜಿ, ಆಸಿಡ್ ಹಚ್ಚಿ ಸೂಕ್ಷ್ಮದರ್ಶಕದ ಕೆಳಗೆ ನೋಡುವ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹುಟ್ಟೂರು ಬೆಳಗಾವಿ, ಅಲ್ಲಿನ ಉದ್ಯಮಬಾಗದಲ್ಲಿ ನಮ್ಮಣ್ಣನ ಫೌಂಡ್ರಿ ಇದೆ. ಎರಕ ಹೊಯ್ಯುವವರ ಮನೆಯಲ್ಲಿ ಬೆಳೆದು, ಲೋಹ ಬಡಿಯುವವರ ಸಂಬಳ ಉಂಡವಳಾದ್ದರಿಂದ ಎರಡು ಪಕ್ಷದ ಬಡಾಯಿಯೂ ನನಗೆ ಗೊತ್ತು.

ಯೆರವಡಾದ ಗಾಲ್ಫ್ ಮೈದಾನದಲ್ಲಿ ಹಿಂಜವಡಿಯ ಐಟಿ ಹುಡುಗರು ಸಿಗುತ್ತಾರೆ, ಹೆಚ್ಚಿನವರು ಹುಬ್ಬಳ್ಳಿ, ಗದಗದ ಕಡೆಯವರು. “ಅಕ್ಕಾ, ಫೋರ್ಜ್ಡ್ ಸೆಟ್ ತೆಗೆದುಕೊಳ್ಳಲೇ?” ಎಂದು ಕೇಳಿದರೆ ನನ್ನ ಮರುಪ್ರಶ್ನೆ ಸಿದ್ಧವಾಗಿರುತ್ತದೆ: “ಅಳತೆ ಕೊಟ್ಟು ಮಾಡಿಸುತ್ತೀಯೋ ತಮ್ಮಾ, ಇಲ್ಲ ದುಬೈಯಿಂದ ಬರುವ ಭಾವನ ಸಾಮಾನಿನ ಜೊತೆ ತರಿಸುತ್ತೀಯೋ?” ಎರಡನೆಯದಾದರೆ ಎರಕದ ಸೆಟ್ಟೇ ಸಾಕು. ಲಕ್ಷ ದಾಟುವ ಹಣವನ್ನು ಬಗ್ಗುವ ಲೋಹಕ್ಕೆ ಕೊಟ್ಟು, ಅದನ್ನು ಬಗ್ಗಿಸದೆ ಆಡುವುದರಲ್ಲಿ ಅರ್ಥವಿಲ್ಲ.

ಮೊದಲು ಲೋಹದ ವಿಚಾರ. ಎರಕವೆಂದರೆ ಇಡ್ಲಿ ಹಿಟ್ಟು ಹೊಯ್ದಂತೆ, ಫೋರ್ಜಿಂಗ್ ಎಂದರೆ ರೊಟ್ಟಿ ಬಡಿದಂತೆ. ಫೋರ್ಜ್ಡ್ ಐರನ್ನಿನ ತಲೆಗೆ ಸಾಮಾನ್ಯವಾಗಿ 1020 ಅಥವಾ 1025 ಎಂಬ ಮೃದು ಕಾರ್ಬನ್ ಉಕ್ಕು ಬಳಸುತ್ತಾರೆ. ಇಂಗಾಲದ ಪ್ರಮಾಣ ಶೇಕಡಾ 0.20ರಿಂದ 0.25ರಷ್ಟು. ಜಪಾನಿನವರು ಇದನ್ನೇ ಎಸ್20ಸಿ, ಎಸ್25ಸಿ ಎನ್ನುತ್ತಾರೆ. ಕಾಯಿಸಿದ ಸರಳನ್ನು ಅಚ್ಚಿನಲ್ಲಿಟ್ಟು ಸುತ್ತಿಗೆಯಿಂದ ಬಡಿದು, ಅಂಚಿಗೆ ಹೊರಚಾಚಿದ್ದನ್ನು ಕತ್ತರಿಸಿ, ಉಜ್ಜಿ, ಕ್ರೋಮ್ ಲೇಪಿಸುತ್ತಾರೆ. ಬಡಿದಾಗ ಲೋಹದ ಎಳೆಗಳು ಆಕಾರದ ಗುಂಟ ಹರಿಯುತ್ತವೆ ಎಂಬುದು ನಿಜ. ಆದರೆ ಆ ಎಳೆಗಳ ಬಲ ಬೇಕಾಗುವುದು ವರ್ಷಗಟ್ಟಲೆ ತಿರುಚು ತಡೆಯುವ ಕ್ರ್ಯಾಂಕ್‌ಶಾಫ್ಟಿಗೆ. ಚೆಂಡು ಕ್ಲಬ್ಬಿನ ಮುಖದ ಮೇಲೆ ಇರುವುದು ಸುಮಾರು ಅರ್ಧ ಮಿಲಿಸೆಕೆಂಡ್. ಅಷ್ಟರಲ್ಲಿ ಎಳೆಯನ್ನು ಗುರುತಿಸುವ ಕೈ ಯಾರಿಗೂ ಇಲ್ಲ. “ಅನುಭವ” ಎನ್ನುವುದರ ದೊಡ್ಡ ಪಾಲು ಕಿವಿಯದು. ಹತ್ತಿ ತುರುಕಿಕೊಂಡು ಹೊಡೆದು ನೋಡಿ.

ಬಗ್ಗುವ ಗುಣದ ಮಾತು ಬೇರೆ. ಎರಕದ ಐರನ್‌ಗಳಲ್ಲಿ ಹಲವು 17-4 ಎಂಬ ಗಡುಸು ಸ್ಟೇನ್‌ಲೆಸ್ ಉಕ್ಕಿನವು. ಅದನ್ನು ಒಂದು ಡಿಗ್ರಿ ಬಗ್ಗಿಸಲು ಹೊರಟರೂ ಅದು ಸೆಟೆದು ವಾಪಸಾಗುತ್ತದೆ, ಹೆಚ್ಚು ಒತ್ತಿದರೆ ಕತ್ತು ಮುರಿಯುವ ಭಯ. 431 ಎಂಬ ಸ್ಟೇನ್‌ಲೆಸ್ ಸ್ವಲ್ಪ ಮಾತು ಕೇಳುತ್ತದೆ. ಮೃದು ಕಾರ್ಬನ್ ಉಕ್ಕು ಎರಡು ಡಿಗ್ರಿಯನ್ನು ಸಲೀಸಾಗಿ, ಜಾಣ ಕೈಯಲ್ಲಿ ಮೂರನ್ನೂ ಒಪ್ಪುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ, ಎರಕಕ್ಕೆ ಹೆಸರಾದ ಪಿಂಗ್ ಕಂಪನಿ ಬಣ್ಣದ ಚುಕ್ಕೆಗಳ ಗುರುತಿನಲ್ಲಿ ಬೇರೆ ಬೇರೆ ಲೈ ಕೋನದ (ಶಾಫ್ಟು ನೆಲಕ್ಕೆ ವಾಲಿರುವ ಕೋನದ) ಐರನ್‌ಗಳನ್ನು ದಶಕಗಳಿಂದ ಕೊಡುತ್ತಾ ಬಂದಿದೆ. ಫೋರ್ಜ್ಡ್ ಆಗದಿದ್ದರೆ ಅಳತೆಯೇ ಸಾಧ್ಯವಿಲ್ಲ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ವ್ಯತ್ಯಾಸವಿರುವುದು ಕೊಂಡ ಮೇಲೆ: ನಿಮ್ಮ ಸ್ವಿಂಗ್, ಅಂದರೆ ಬೀಸುವ ರೀತಿ, ಬದಲಾದಾಗ ಅದೇ ತಲೆಯನ್ನು ಮತ್ತೆ ತಿದ್ದಿಸಬಹುದು.

ಫೋರ್ಜ್ಡ್ ಎಂದು ಕೆತ್ತಿದ್ದೆಲ್ಲ ಒಂದೇ ತುಂಡಿನ ಮೃದು ಉಕ್ಕಲ್ಲ ಎಂಬುದನ್ನೂ ನೆನಪಿಡಿ. ಟೇಲರ್‌ಮೇಡ್ ಪಿ790 ಸಾಲಿನ ಐರನ್ ಒಳಗೆ ಟೊಳ್ಳು; ತೆಳುವಾದ ಗಡುಸು ಮುಖ, ಹೊಟ್ಟೆಯೊಳಗೆ ನೊರೆಯಂಥ ಪದಾರ್ಥ. ಕೆಟ್ಟದ್ದೇನಲ್ಲ, ಚೆಂಡು ದೂರ ಹೋಗುತ್ತದೆ. ಆದರೆ ನೀವು ಹುಡುಕುತ್ತಿರುವುದು ಯಾವುದು ಎಂಬುದು ಸ್ಪಷ್ಟವಿರಲಿ. “ತಲೆ ಒಂದೇ ತುಂಡೇ? ಯಾವ ಉಕ್ಕು? ಎಷ್ಟು ಡಿಗ್ರಿ ಬಗ್ಗಿಸಲು ಕಂಪನಿ ಒಪ್ಪುತ್ತದೆ?” ಈ ಮೂರು ಪ್ರಶ್ನೆಗೆ ಉತ್ತರ ಬರದ ಅಂಗಡಿಯಲ್ಲಿ ಹಣ ಬಿಚ್ಚಬೇಡಿ.

ಇನ್ನು ಅಳತೆ. ಶಾಫ್ಟಿಗೂ ನೆಲಕ್ಕೂ ನಡುವಿನ ಕೋನವೇ ಲೈ. 7 ಎಂಬ ಅಂಕೆಯ ಐರನ್ನಿನಲ್ಲಿ (ಅಂಕೆ ಕಿರಿದಾದಷ್ಟೂ ಚೆಂಡು ದೂರ) ಅದು ಸುಮಾರು 62 ಡಿಗ್ರಿ. ನೇರ ನಿಂತು ಮಣಿಕಟ್ಟಿನಿಂದ ನೆಲದವರೆಗೆ ಟೇಪು ಹಿಡಿದು, ಪಟ್ಟಿ ನೋಡಿ ಲೈ ಹೇಳಿಬಿಡುವವರಿದ್ದಾರೆ. ಅದು ಆರಂಭ ಮಾತ್ರ. ನಿಂತಾಗ ಇರುವ ಕೈ ಹೊಡೆಯುವಾಗ ಮೇಲೇಳುತ್ತದೆ, ಶಾಫ್ಟಿನ ತುದಿ ಕೆಳಕ್ಕೆ ಬಾಗುತ್ತದೆ. ಹಾಗಾಗಿ ಹೊಡೆತದ ಕ್ಷಣವನ್ನೇ ಅಳೆಯಬೇಕು. ಅದಕ್ಕೆ ಬೇಕಾದದ್ದು ವೈಟ್‌ಬೋರ್ಡ್ ಮಾರ್ಕರ್ ಒಂದೇ. ಚೆಂಡಿನ ಮೇಲೆ ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಮುಖದ ಕಡೆಗಿರುವಂತೆ ಇಟ್ಟು ಹೊಡೆಯಿರಿ. ಗೆರೆ ಮುಖದ ಮೇಲೆ ಅಚ್ಚಾಗುತ್ತದೆ. ಅಚ್ಚು ಮುಖದ ಅಡ್ಡಗೆರೆಗಳಿಗೆ ನೇರ ಲಂಬವಾಗಿದ್ದರೆ ಲೈ ಸರಿ. ಅದರ ಮೇಲ್ತುದಿ ಟೋ (ತಲೆಯ ಹೊರತುದಿ) ಕಡೆಗೆ ಒರಗಿದ್ದರೆ ಕ್ಲಬ್ ನಿಮಗೆ ಹೆಚ್ಚು ನೆಟ್ಟಗಿದೆ, ಚಪ್ಪಟೆ ಮಾಡಿಸಬೇಕು. ಹೀಲ್ (ಶಾಫ್ಟ್ ಸೇರುವ ತುದಿ) ಕಡೆಗೆ ಒರಗಿದ್ದರೆ ಇದಕ್ಕೆ ತದ್ವಿರುದ್ಧ. ಒಂದೇ ಹೊಡೆತ ನಂಬಬೇಡಿ. ನಡುಮುಖಕ್ಕೆ ತಾಗಿದ ಹಲವು ಅಚ್ಚುಗಳು ಒಂದೇ ಮಾತು ಹೇಳಬೇಕು.

ಲೈ ತಪ್ಪಿದರೆ ಆಗುವುದೇನು? ಬಲಗೈ ಆಟಗಾರರಿಗೆ ಕ್ಲಬ್ ಹೆಚ್ಚು ನೆಟ್ಟಗಿದ್ದರೆ ಮುಖ ಎಡಕ್ಕೆ ನೋಡುತ್ತದೆ. ಲಾಫ್ಟ್ ಎಂದರೆ ಮುಖ ಹಿಂದಕ್ಕೆ ವಾಲಿರುವ ಕೋನ; 34 ಡಿಗ್ರಿ ಲಾಫ್ಟಿನ ಐರನ್ನಿನಲ್ಲಿ ಲೈ 3 ಡಿಗ್ರಿ ತಪ್ಪಿದ್ದರೆ ದಿಕ್ಕು ಸುಮಾರು 2 ಡಿಗ್ರಿ ತಪ್ಪುತ್ತದೆ, 150 ಗಜದಲ್ಲಿ ಐದು ಗಜ. ಸಣ್ಣದೆನಿಸಬಹುದು. ಆದರೆ ನಮ್ಮ ಮೆದುಳು ಅಷ್ಟಕ್ಕೇ ಸುಮ್ಮನಿರುವುದಿಲ್ಲ. ಎಡಕ್ಕೆ ಹೋಗುವ ಚೆಂಡನ್ನು ತಡೆಯಲು ಕೈ ತಾನಾಗಿ ಮುಖ ತೆರೆಯುವುದನ್ನು ಕಲಿಯುತ್ತದೆ, ಆಮೇಲೆ ಆ ಚಾಳಿ ಬಿಡಿಸಲು ಕೋಚ್‌ಗೆ ಫೀಸು ಕಟ್ಟುತ್ತೇವೆ. ಲಾಫ್ಟ್ ಹೆಚ್ಚಿದಷ್ಟೂ ಈ ದೋಷ ಹೆಚ್ಚು. ಆದ್ದರಿಂದ ಹತ್ತಿರದ ಹೊಡೆತಕ್ಕೆ ಬಳಸುವ ಹೆಚ್ಚು ಲಾಫ್ಟಿನ ಪಿಚಿಂಗ್ ವೆಜ್ಜನ್ನೂ ಬೇರೆಯಾಗಿ ಪರೀಕ್ಷಿಸಿ.

ಉದ್ದದ ವಿಷಯದಲ್ಲಿ ನಾನು ಜಿಪುಣಿ. 7 ಐರನ್ 37 ಇಂಚಿನ ಆಸುಪಾಸು ಇರುತ್ತದೆ; ತೀರಾ ಎತ್ತರ ಅಥವಾ ತೀರಾ ಕುಳ್ಳಗಿನವರನ್ನು ಬಿಟ್ಟು ಉಳಿದವರು ಅದನ್ನು ಮುಟ್ಟದಿರುವುದೇ ವಾಸಿ. ಅರ್ಧ ಇಂಚು ಕೂಡಿಸಿದರೆ ಸ್ವಿಂಗ್‌ವೇಟ್ ಸುಮಾರು ಮೂರು ಅಂಕ ಏರುತ್ತದೆ, ಅಂದರೆ ಕ್ಲಬ್ಬಿನ ತಲೆ ಭಾರ ಎನಿಸತೊಡಗುತ್ತದೆ. ಲೈ ಕೂಡ ನೆಟ್ಟಗಾದಂತೆ ವರ್ತಿಸುತ್ತದೆ. ಒಂದನ್ನು ಮುಟ್ಟಿದರೆ ಎರಡು ಅಲುಗುತ್ತವೆ.

ಶಾಫ್ಟ್ ಬಗ್ಗೆ ನನಗೆ ಹಳೆಯ ಸಿಟ್ಟಿದೆ. ಹೆಂಗಸು ಬಂದಳೆಂದರೆ ಕೇಳದೆಯೇ “ಲೇಡೀಸ್” ಎಂದು ಬರೆದ ಹಗುರ ಗ್ರಾಫೈಟ್ ತೆಗೆದುಕೊಡುವುದು, ಗಂಡಸು ಬಂದನೆಂದರೆ ಅವನ ಮೀಸೆ ನೋಡಿ “ಸ್ಟಿಫ್” ಎಂಬ ಗಡುಸು ಶಾಫ್ಟ್ ಕೊಡುವುದು. ಶಾಫ್ಟಿಗೆ ಲಿಂಗವಿಲ್ಲ, ವೇಗವಿದೆ. ಇನ್ನೊಂದು ವಿಷಯ, ಆರ್ (ರೆಗ್ಯುಲರ್), ಎಸ್ (ಸ್ಟಿಫ್) ಎಂಬ ಅಕ್ಷರಗಳಿಗೆ ಎಲ್ಲ ಕಂಪನಿಗಳು ಒಪ್ಪಿದ ಮಾನದಂಡವೇ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್‌ನಷ್ಟು ಗಡುಸಾಗಿರಬಹುದು. ಆದ್ದರಿಂದ ಮೊದಲು ತೂಕ ಆರಿಸಿ, ಆಮೇಲೆ ಗಡಸುತನ. ಡೈನಮಿಕ್ ಗೋಲ್ಡ್ ಎಸ್300 ಎಂಬ ಉಕ್ಕಿನ ಶಾಫ್ಟ್ ಸುಮಾರು 130 ಗ್ರಾಂ, ನಿಪ್ಪಾನ್ ಕಂಪನಿಯ ಎನ್‌ಎಸ್ ಪ್ರೋ 950 ನೂರಕ್ಕೆ ಸ್ವಲ್ಪ ಕಡಿಮೆ, ಗ್ರಾಫೈಟ್ ಇನ್ನೂ ಹಗುರ. ತೀರಾ ಹಗುರವಾದರೆ ಕೈ ಅವಸರ ಮಾಡಿ ಚೆಂಡು ತಾಗುವ ಜಾಗ ಕ್ಲಬ್ಬಿನ ಮುಖದ ತುಂಬೆಲ್ಲ ಚದುರುತ್ತದೆ. ಭಾರವಾದರೆ ಕೊನೆಯ ಕುಳಿಗಳಲ್ಲಿ ಭುಜ ಸೋತು ಚೆಂಡಿನ ಹಿಂದಿನ ಮಣ್ಣು ಏಳುತ್ತದೆ. ಬಾವಧನ ಕಡೆಯ ಆಕ್ಸ್‌ಫರ್ಡ್ ಮೈದಾನದಂಥ ಗುಡ್ಡದಲ್ಲಿ ನಡೆದು ಆಡುವವರು ಶಾಫ್ಟನ್ನು ದಣಿದ ಮೇಲೂ ಒಮ್ಮೆ ಬೀಸಿ ನೋಡಬೇಕು; ಬೆಳಗಿನ ಮೊದಲ ಹತ್ತು ಹೊಡೆತದ ಉತ್ಸಾಹದಲ್ಲಿ ಎಲ್ಲರೂ ಭೀಮರೇ. ಕ್ಲಬ್ಬಿನ ಮುಖದ ಮೇಲೆ ಪಾದಕ್ಕೆ ಹಾಕುವ ಪೌಡರ್ ಸ್ಪ್ರೇ ಹೊಡೆದರೆ ಚೆಂಡು ತಾಗಿದ ಜಾಗ ಕಾಣುತ್ತದೆ. ಯಾವ ಶಾಫ್ಟಿನಲ್ಲಿ ಆ ಗುರುತುಗಳು ಒಂದು ರೂಪಾಯಿ ನಾಣ್ಯದಷ್ಟು ಜಾಗದೊಳಗೆ ಕೂಡಿಕೊಳ್ಳುತ್ತವೆಯೋ ಅದೇ ನಿಮ್ಮದು, ಅಕ್ಷರ ಏನೇ ಇರಲಿ.

ಲಾಫ್ಟ್‌ನಲ್ಲಿ ಮೋಸ ಹೋಗುವುದು ಸುಲಭ. ಹಳೆಯ ಬಗೆಯ ಬ್ಲೇಡಿನ, ಅಂದರೆ ತೆಳು ತಲೆಯ, 7 ಐರನ್ 34 ಡಿಗ್ರಿಯ ಆಸುಪಾಸು ಇರುತ್ತದೆ. ದೂರಕ್ಕೆಂದೇ ಮಾಡಿದ ಈಗಿನ ಸೆಟ್ಟುಗಳಲ್ಲಿ ಅದೇ ಅಂಕೆ ಕೆತ್ತಿದ ಕ್ಲಬ್ 29 ಡಿಗ್ರಿ. ಅಂದರೆ ಹಳೆಯ 6 ಐರನ್ನಿಗಿಂತಲೂ ಬಲವಾದದ್ದಕ್ಕೆ (ಲಾಫ್ಟ್ ಕಡಿಮೆಯಿದ್ದಷ್ಟೂ ಬಲ) 7 ಎಂದು ಹೆಸರಿಟ್ಟಿದ್ದಾರೆ. ಸಿಮ್ಯುಲೇಟರಿನ ಪರದೆ ಹದಿನೈದು ಗಜ ಹೆಚ್ಚು ತೋರಿಸಿದರೆ ಹಿಗ್ಗುವ ಮುನ್ನ ಲಾಫ್ಟ್ ಪಟ್ಟಿ ಕೇಳಿ. ನೋಡಬೇಕಾದ ಅಂಕಿ ಚೆಂಡು ಇಳಿಯುವ ಕೋನ. ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರ ಆಟಗಾರರ 7 ಐರನ್ ಹೊಡೆತ ಸರಾಸರಿ 50 ಡಿಗ್ರಿಯಲ್ಲಿ ಇಳಿಯುತ್ತದೆ, ನಿಮಿಷಕ್ಕೆ 7000 ಸುತ್ತಿನ ಆಸುಪಾಸಿನ ಸ್ಪಿನ್‌ನೊಂದಿಗೆ. ನಮಗೆ 45 ಬಂದರೂ ಚೆಂಡು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ನಿಲ್ಲುತ್ತದೆ. ಅದಕ್ಕಿಂತ ಬಹಳ ಕಡಿಮೆಯಿದ್ದರೆ ಗ್ರೀನ್‌ಗೆ ಬಿದ್ದು ಹಿಂದಿನ ಪೊದೆಗೆ ಓಡುತ್ತದೆ. ಬಲವಾದ ಲಾಫ್ಟಿನ ಸೆಟ್ಟಿನಲ್ಲಿ ಪಿಚಿಂಗ್ ವೆಜ್ 43 ಡಿಗ್ರಿ ಇರಬಹುದು. ನಿಮ್ಮ ಸ್ಯಾಂಡ್ ವೆಜ್ 56 ಆದರೆ ನಡುವಿನ ಕಂದಕ ತುಂಬಲು ಇನ್ನೆರಡು ವೆಜ್ ಬೇಕು. ಚೀಲದಲ್ಲಿ 14 ಕ್ಲಬ್ಬಿಗಿಂತ ಹೆಚ್ಚು ಇಡುವಂತಿಲ್ಲ, ಲೆಕ್ಕ ಹಾಕಿಕೊಳ್ಳಿ. 4 ಐರನ್ ಕೊಳ್ಳಲೇಬೇಡಿ ಎನ್ನುವುದು ನನ್ನ ಅಭಿಪ್ರಾಯ. ಆ ಜಾಗಕ್ಕೆ ಹೈಬ್ರಿಡ್ ಎಂಬ ದಪ್ಪ ತಲೆಯ ಕ್ಲಬ್ ಸಾಕು.

ಪುಣೆಯ ಎತ್ತರವನ್ನೂ ಗಮನಿಸಿ. ನಾವು ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದ್ದೇವೆ. ತೆಳು ಗಾಳಿಯಲ್ಲಿ ಚೆಂಡು ಶೇಕಡಾ ಎರಡರಷ್ಟು ಹೆಚ್ಚು ಹೋಗುತ್ತದೆ. ಇಲ್ಲಿ 150 ಗಜ ಹೊಡೆದದ್ದು ಮುಂಬಯಿಯ ಚೆಂಬೂರಿನಲ್ಲೋ ಗೋವಾದ ಬೆನಾವಲಿಯಲ್ಲೋ 147 ಆದರೆ ಕ್ಲಬ್ಬನ್ನು ದೂರಬೇಡಿ.

ಕೋನಗಳಲ್ಲಿ ಕೊನೆಯದು ಬೌನ್ಸ್, ಅಂದರೆ ಸೋಲ್ (ತಲೆಯ ತಳ) ಅದರ ಮುಂದಿನ ಅಂಚಿಗಿಂತ ಎಷ್ಟು ಕೆಳಗಿಳಿದಿದೆ ಎಂಬುದು. ಮುಂಬಯಿಯ ಮಳೆಗಾಲದ ಮೆತ್ತನೆಯ ನೆಲಕ್ಕೆ ಅಗಲ ಸೋಲ್, ಹೆಚ್ಚು ಬೌನ್ಸ್ ಹಿತ. ಇಲ್ಲದಿದ್ದರೆ ಕ್ಲಬ್ ಗುದ್ದಲಿಯಾಗುತ್ತದೆ. ನಮ್ಮಲ್ಲಿಯ ಏಪ್ರಿಲ್ ತಿಂಗಳ ಗಟ್ಟಿ ನೆಲದಲ್ಲಿ ಅದೇ ಸೋಲ್ ಪುಟಿದು ಚೆಂಡಿನ ತಲೆಗೆ ಬಡಿಯುತ್ತದೆ. ಎಲ್ಲಿ ಹೆಚ್ಚು ಆಡುತ್ತೀರೋ ಅದನ್ನು ಅಳತೆ ತೆಗೆಯುವ ಫಿಟ್ಟರ್‌ಗೆ ಹೇಳಿ. ಲಾಫ್ಟ್ ಒಂದು ಡಿಗ್ರಿ ಬಲಗೊಳಿಸಿದರೆ ಬೌನ್ಸ್ ಒಂದು ಡಿಗ್ರಿ ಇಳಿಯುತ್ತದೆ, ಇದನ್ನು ಅವರು ತಾವಾಗಿ ಹೇಳುವುದು ಅಪರೂಪ. ಗ್ರಿಪ್ ವಿಷಯ ಸರಳ: ಹಿಡಿದಾಗ ಎಡಗೈಯ ನಡುಬೆರಳು, ಉಂಗುರದ ಬೆರಳು ಹೆಬ್ಬೆರಳಿನ ಬುಡವನ್ನು ಸ್ವಲ್ಪವೇ ಮುಟ್ಟಬೇಕು. ಕೈ ಬೆವರುವ ಕರಾವಳಿಯಲ್ಲಿ ಹುರಿ ಬೆರೆಸಿದ ಕಾರ್ಡ್ ಗ್ರಿಪ್ ಒಳ್ಳೆಯದು.

ಫಿಟ್ಟಿಂಗ್ ದಿನ ನಿಮ್ಮ ಹಳೆಯ 7 ಐರನ್, ನಿಮ್ಮ ಶೂ, ನೀವು ಆಡುವ ಚೆಂಡು ಒಯ್ಯಿರಿ. ಮೊದಲು ಹಳೆಯದರಿಂದ ಹೊಡೆದು ಅಂಕಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಸಾಧ್ಯವಾದರೆ ಹುಲ್ಲಿನ ಮೇಲೆ ಹೊಡೆಯಿರಿ; ಚಾಪೆಯ ಮೇಲೆ ಕ್ಲಬ್ ಚೆಂಡಿಗಿಂತ ಹಿಂದೆ ಬಿದ್ದರೂ ಜಾರಿ ಮುಂದೆ ಹೋಗಿ ಒಳ್ಳೆಯ ಹೊಡೆತದಂತೆ ತೋರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಲು ಹೇಳಿ. ತಲೆ, ಶಾಫ್ಟ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಸುಧಾರಣೆ ಯಾವುದರಿಂದ ಬಂತೆಂದು ಪ್ರಯೋಗಾಲಯದಲ್ಲಿ ಕೂತವರಿಗೂ ತಿಳಿಯದು.

ಸೆಟ್ ಬಂದ ಮೇಲೆ ಲಾಫ್ಟ್-ಲೈ ಯಂತ್ರದಲ್ಲಿ ಪ್ರತಿ ಕ್ಲಬ್ಬನ್ನೂ ನಿಮ್ಮೆದುರೇ ಅಳೆಸಿ, ಆರ್ಡರ್ ಚೀಟಿಯ ಜೊತೆ ತಾಳೆ ನೋಡಿ. ಕಾರ್ಖಾನೆಯಿಂದ ಒಂದು ಡಿಗ್ರಿ ಅತ್ತಿತ್ತ ಬರುವುದು ಸಾಮಾನ್ಯ. 7 ಒಂದು ಡಿಗ್ರಿ ಬಲ, 8 ಒಂದು ಡಿಗ್ರಿ ದುರ್ಬಲವಾಗಿ ಬಂದರೆ ನಡುವೆ ನಾಲ್ಕಿರಬೇಕಾದ ಅಂತರ ಆರು ಡಿಗ್ರಿಯಾಗುತ್ತದೆ. ಮೃದು ಉಕ್ಕು ಬಗ್ಗುವುದು ಯಂತ್ರದಲ್ಲಿ ಮಾತ್ರವಲ್ಲ, ಚಾಪೆಯ ಮೇಲೆ ಬಡಿದು ಬಡಿದು ತಾನಾಗಿಯೂ ಸರಿಯುತ್ತದೆ. ವರ್ಷಕ್ಕೊಮ್ಮೆ ಅಳೆಸಿ. ಆದರೆ ಒಂದೇ ಕತ್ತನ್ನು ಅತ್ತ ಇತ್ತ ಪದೇ ಪದೇ ಬಗ್ಗಿಸಬೇಡಿ, ಆ ಜಾಗದ ಉಕ್ಕು ಗಡುಸಾಗಿ ಕೊನೆಗೆ ಬಿರುಕು ಬಿಡುತ್ತದೆ. ಹಳೆಯ ಫೋರ್ಜ್ಡ್ ಸೆಟ್ ಕೊಳ್ಳುವವರು ಮೊದಲು ನೋಡಬೇಕಾದದ್ದೂ ಅದನ್ನೇ: ಶಾಫ್ಟ್ ಸೇರುವ ಕತ್ತಿನ ಬುಡದಲ್ಲಿ ಕ್ರೋಮ್ ಮೇಲೆ ಕೂದಲೆಳೆಯಂಥ ಗೆರೆಗಳಿವೆಯೇ, ಅದರಡಿ ತುಕ್ಕಿನ ಕಲೆ ಇದೆಯೇ ಎಂದು ಮೊಬೈಲ್ ಬೆಳಕಿನಲ್ಲಿ ನೋಡಿ. ಕಂಡರೆ ಎಷ್ಟು ಅಗ್ಗವಾದರೂ ಬೇಡ.