ಲಿಯಾನ್‌ನ ಊಟ, ರೋನ್ ಸೀಮೆಯ ವೈನ್: 60 ಯೂರೋ ಲೆಕ್ಕ ಕೊನೆಗೂ ಕೂಡಿತು

ಕಾರು ಬಾಡಿಗೆಗೆ ಪಡೆಯದೆ, ವಸತಿಯನ್ನು ಬಿಟ್ಟು ದಿನಕ್ಕೆ ಸುಮಾರು 60 ಯೂರೋಗಳಲ್ಲಿ ಲಿಯಾನ್‌ನ ಊಟವನ್ನೂ ಸುತ್ತಲಿನ ದ್ರಾಕ್ಷಿ ಸೀಮೆಗಳನ್ನೂ ಸವಿಯಲು ಸಾಧ್ಯವೇ ಇಲ್ಲವೆಂದು ಫ್ರಾನ್ಸ್ ಸುತ್ತಿಬಂದ ಗೆಳೆಯರು ಒಂದೇ ಸಮನೆ ಹೇಳುತ್ತಿದ್ದರು. ಸಾಧ್ಯವೆಂದು ತೋರಿಸಿದ ಮೇಲೆ ಅವರಲ್ಲಿಬ್ಬರು ನನ್ನ ಲೆಕ್ಕದ ಚೀಟಿಯನ್ನು ಕೇಳಿ ಪಡೆದಿದ್ದಾರೆ.

ಮೊದಲ ಪ್ರವಾಸದಲ್ಲಿ ಹಣವೆಲ್ಲ ಕರಗಿದ್ದು ರಾತ್ರಿಯೂಟಕ್ಕೆ. ಹಳೆಯ ಲಿಯಾನ್‌ನ ಪ್ರವಾಸಿಗಳ ಬೀದಿಯಲ್ಲಿ ಕುಳಿತು ಕ್ವೆನೆಲ್ ಎಂಬ ಮೀನಿನ ಕಡುಬಿನ ಜೊತೆಗೆ ಒಂದು ಬಾಟಲಿ ಮೊರ್ಗೊನ್ ವೈನ್ ತರಿಸಿದರೆ 70 ಯೂರೋ ಹೋಗುತ್ತಿತ್ತು. ಆದರೆ ಅದರ ಮೇಲೆ ಸುರಿಯುವ, ಸಿಹಿನೀರಿನ ಸಿಗಡಿಯ ಪರಿಮಳವಿರಬೇಕಾದ ನಾಂತುವಾ ಸಾಸ್ ಹಿಟ್ಟಿನ ಗಂಜಿಯಂತಿರುತ್ತಿತ್ತು. ಮರು ಪ್ರವಾಸದಲ್ಲಿ ದೊಡ್ಡ ಊಟವನ್ನು ಮಧ್ಯಾಹ್ನಕ್ಕೆ ತಂದೆ. ಕಚೇರಿಯವರು ಉಣ್ಣುವ ಬುಶೋನ್‌ಗಳೆಂಬ ಲಿಯಾನ್‌ನ ಸಾಂಪ್ರದಾಯಿಕ ಊಟದ ಮನೆಗಳಲ್ಲಿ ಮಧ್ಯಾಹ್ನದ ನಿಗದಿತ ಊಟ 22–25 ಯೂರೋಗಳಿಗೆ ಸಿಗುತ್ತದೆ, ಅಡುಗೆಯೂ ಮೇಲು. ಮುಂಗಡ ಹೇಳದೆ ಅಲ್ಲಿ ಮೇಜು ಹಿಡಿಯುವ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆದರೆ ನನಗೇ ಮೇಜು ಸಿಗಲಾರದು.

ಬಾಟಲಿಯ ಬದಲು ಪೋ ತರಿಸುವುದು ಎರಡನೆಯ ಉಳಿತಾಯ. ದಪ್ಪ ತಳದ ಆ 46 ಸೆಂಟಿಲೀಟರ್ ಶೀಸೆಯಲ್ಲಿ ಗಾಮೆ ದ್ರಾಕ್ಷಿಯ ಕೆಂಪು ವೈನ್ ಬೊಜೊಲೆ 13–14 ಯೂರೋಗಳಿಗೆ ಬರುತ್ತಿತ್ತು, ಇಬ್ಬರಿಗೆ ಸಾಕು. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ತನ್ನ ನಾಡಿನಿಂದ ಗಾಮೆ ಬಳ್ಳಿಯನ್ನು ಕೀಳಿಸಲು ಆಜ್ಞೆ ಹೊರಡಿಸಿದ್ದನಂತೆ. ಕೊಬ್ಬಿನ ಹಂದಿಮಾಂಸದ ಮೇಲೆ ತುಸು ತಣ್ಣಗಿನ ಗಾಮೆಯನ್ನು ಅವನು ಕುಡಿದಿರಲಿಲ್ಲವೆಂದೇ ನನ್ನ ಅನುಮಾನ. ನೀರಿನ ಬಾಟಲಿಗೆ ಹಣ ಕೊಡುವವರು ಈಗಲೂ ಇದ್ದಾರೆ. ನಲ್ಲಿಯ ನೀರಿನ ಹೂಜಿಯನ್ನು ಕೇಳಿದರೆ ಬಿಟ್ಟಿ.

ಸೋಮವಾರ ಅನೇಕ ಬುಶೋನ್‌ಗಳೂ ಕ್ರುವಾ-ರೂಸ್ ಬಡಾವಣೆಯ ಸಂತೆಯೂ ಮುಚ್ಚಿರುತ್ತವೆ. ಊಟಕ್ಕಾಗಿ ಅಲೆದು ಕೊನೆಗೆ ರೈಲು ನಿಲ್ದಾಣದ ಒಣ ಸ್ಯಾಂಡ್‌ವಿಚ್ ತಿಂದ ಆ ಸೋಮವಾರದ ದಿನವನ್ನೇ ನಾನು ವೈನ್ ಸೀಮೆಗೆ ಮೀಸಲಿಟ್ಟೆ. ಭಾನುವಾರದ ಸಂತೆಯಲ್ಲಿ ಕೊಂಡ ಸ್ಯಾಂ-ಮಾರ್ಸಲ್ಯಾಂ ಗಿಣ್ಣನ್ನು ಕೋಣೆಯಲ್ಲಿ ಹೊರಗೇ ಇಟ್ಟರೆ ಸೋಮವಾರಕ್ಕೆ ಚಮಚದಲ್ಲಿ ಎತ್ತುವಷ್ಟು ಮೆತ್ತಗಾಗಿರುತ್ತದೆ. ಫ್ರಿಜ್‌ನಲ್ಲಿಟ್ಟ ಮತ್ತೊಂದನ್ನೂ ಒಯ್ದು ಹೋಲಿಸಿ ನೋಡಿದೆ. ಅದಕ್ಕೆ ಸೀಮೆಸುಣ್ಣದ ರುಚಿಯಿತ್ತು. ಇವನ್ನು ಬ್ರೆಡ್ಡಿನೊಂದಿಗೆ ಕಟ್ಟಿಕೊಂಡು ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ತಾಸು ದಕ್ಷಿಣಕ್ಕೆ ಹೋದರೆ ರೋನ್ ನದಿಯ ದಂಡೆಯ ತಾಂ-ಲೆರ್ಮಿತಾಜ್ ಊರು ಬರುತ್ತದೆ. ಎರ್ಮಿತಾಜ್ ಗುಡ್ಡದ ಸಿರಾ ದ್ರಾಕ್ಷಿಯ ತೋಟಗಳಿಗೆ ನಿಲ್ದಾಣದಿಂದ ನಡೆದೇ ಹೋಗಬಹುದಾದ್ದರಿಂದ ಕಾರಿನ ಮಾತೇ ಏಳುವುದಿಲ್ಲ. ಹೋಗಿಬರುವ ಟಿಕೆಟ್ಟಿಗೆ 35 ಯೂರೋಗಳ ಆಸುಪಾಸು ಬಿದ್ದರೂ ಬುತ್ತಿಯಿದ್ದುದರಿಂದ, ಊರಿನಲ್ಲಿ ಕ್ರೋಜ್-ಎರ್ಮಿತಾಜ್ ವೈನ್ ಎರಡು ಲೋಟ ಕುಡಿದ ಮೇಲೂ ಲೆಕ್ಕ ಮೀರಲಿಲ್ಲ.

ಕೋಂದ್ರಿಯೊ ಮಾತ್ರ ಈ ಲೆಕ್ಕಕ್ಕೆ ಬಗ್ಗಲಿಲ್ಲ. ವಿಯೊನ್ಯೇ ದ್ರಾಕ್ಷಿಯ ಆ ಬಿಳಿ ವೈನಿನ ಒಂದು ಲೋಟಕ್ಕೆ 14 ಯೂರೋ ತೆತ್ತು, ಆ ರಾತ್ರಿ ಉಳಿದ ಬ್ರೆಡ್ಡಿನಲ್ಲೇ ಊಟ ಮುಗಿಸಿದೆ.