ಡೈ ಹಾಕಿ ಸ್ಕ್ಯಾನ್ ಮಾಡಿಸುವ ಮುಂಚೆ, ಮಾಡಿಸಿದ ಮೇಲೆ

ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಸ್ಕ್ಯಾನಿಂಗ್‌ಗೆ ಬರುವವರು ಮೊದಲ ಬಸ್ಸು ಹಿಡಿದು, ಒಂದು ಗುಟುಕು ನೀರೂ ಕುಡಿಯದೆ ಬಂದು ಕೂತಿರುತ್ತಾರೆ. ಮುಗಿದ ತಕ್ಷಣ ಮಧ್ಯಾಹ್ನದ ಬಸ್ಸಿಗೆ ಓಡುತ್ತಾರೆ. ಡೈ (ಒಳಗಿನ ಅಂಗಗಳು ಚೆನ್ನಾಗಿ ಕಾಣಲೆಂದು ಮೈಗೆ ಚುಚ್ಚುವ ಔಷಧ) ಹಾಕುವ ಸ್ಕ್ಯಾನ್ ಆದರೆ ಇವೆರಡೂ ತಪ್ಪು. ಊಟ ಬಿಟ್ಟು ಬನ್ನಿ ಎಂದಿದ್ದರೆ, ನೀರು ಎಷ್ಟು ಹೊತ್ತಿನ ತನಕ ಕುಡಿಯಬಹುದು ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಹೃದಯದ ತೊಂದರೆಗೆ ನೀರು ಕಡಿಮೆ ಮಾಡಿಸಿಕೊಂಡವರು ಮಾತ್ರ ನಿಮ್ಮ ಡಾಕ್ಟರು ಹೇಳಿದಷ್ಟೇ ಕುಡಿಯಿರಿ.

ಸಿಟಿ ಸ್ಕ್ಯಾನ್ ಮತ್ತು ಆಂಜಿಯೋಗ್ರಾಂಗೆ ಹಾಕುವುದು ಅಯೋಡಿನ್ ಇರುವ ಡೈ. ದೊಡ್ಡವರ ಸಿಟಿಗೆ ಸಾಮಾನ್ಯವಾಗಿ 50ರಿಂದ 100 ಮಿಲಿ. ಎಂಆರ್‌ಐಗೆ ಗ್ಯಾಡೊಲಿನಿಯಂ ಡೈ. ಬಹಳಷ್ಟು ಬ್ರ್ಯಾಂಡ್‌ಗಳಲ್ಲಿ ಕೆ.ಜಿ.ಗೆ 0.2 ಮಿಲಿ, ಅಂದರೆ 60 ಕೆ.ಜಿ. ತೂಕದವರಿಗೆ 12 ಮಿಲಿ. ಒಂದು ಒಗ್ಗಲಿಲ್ಲವೆಂದರೆ ಇನ್ನೊಂದೂ ಒಗ್ಗುವುದಿಲ್ಲ ಎಂದಲ್ಲ. ಹಾಗಾಗಿ ಹಿಂದೆ ತೊಂದರೆಯಾಗಿದ್ದರೆ ಯಾವ ಡೈಗೆ ಎಂದು ಹೆಸರು ಹಿಡಿದು ಹೇಳಬೇಕು.

ವಾರ ಮುಂಚೆಯೇ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದ ಕ್ರಿಯಾಟಿನಿನ್ (ಕಿಡ್ನಿಯ ಟೆಸ್ಟ್) ಮಾಡಿಸಿ, ರಿಪೋರ್ಟ್ ಕೈಯಲ್ಲಿ ಇಟ್ಟುಕೊಳ್ಳಿ. ಬರೀ ಕ್ರಿಯಾಟಿನಿನ್ ನೋಡಿ ಸಮಾಧಾನಪಡಬೇಡಿ, ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಲೆಕ್ಕ) ಎಷ್ಟು ಎಂದು ಕೇಳಿ. ಕ್ರಿಯಾಟಿನಿನ್ 1.3 ಬಂದರೆ ಮೂವತ್ತರ ಗಂಡಸಿಗೆ ಇಜಿಎಫ್‌ಆರ್ ಸುಮಾರು 76, ಅದೇ 1.3 ಎಪ್ಪತ್ತೈದರ ಅಜ್ಜಿಗೆ ಸುಮಾರು 43. ಇಜಿಎಫ್‌ಆರ್ ಮೂವತ್ತಕ್ಕಿಂತ ಕೆಳಗಿದ್ದರೆ ಸಿಟಿ ಡೈ ಕಿಡ್ನಿಗೆ ಏಟು ಕೊಡಬಹುದು. ಎಂಆರ್‌ಐಯಲ್ಲಿ ಬೇರೆಯದೇ ಭಯ: ಕೆಲವು ಹಳೆಯ ಗ್ಯಾಡೊಲಿನಿಯಂ ಡೈಗಳಿಂದ ಚರ್ಮ, ಕೀಲು ಗಟ್ಟಿಯಾಗುವ ಎನ್‌ಎಸ್‌ಎಫ್ ಎಂಬ ಕಾಯಿಲೆ ಬರುತ್ತದೆಂದು 2006ರಲ್ಲಿ ಗೊತ್ತಾಯಿತು. ಗ್ಯಾಡೊಬ್ಯುಟ್ರಾಲ್, ಗ್ಯಾಡೊಟೆರೇಟ್‌ನಂಥ ಮ್ಯಾಕ್ರೊಸೈಕ್ಲಿಕ್ (ಗ್ಯಾಡೊಲಿನಿಯಂ ಅನ್ನು ಬಿಗಿಯಾಗಿ ಹಿಡಿದಿಡುವ) ಡೈಗಳಲ್ಲಿ ಆ ಅಪಾಯ ತೀರಾ ಕಡಿಮೆ. ಕಿಡ್ನಿ ಸರಿಯಿಲ್ಲದವರು ಇವನ್ನೇ ಕೇಳಿ.

ಅಡಿಕೆ ಕೊಯ್ಲಿನ ದಿನಗಳಲ್ಲಿ ಸೊಂಟ, ಮೊಣಕಾಲು ನೋವಿಗೆ ಡೈಕ್ಲೊಫಿನ್ಯಾಕ್ ನುಂಗುತ್ತಿರುವವರು ಅದನ್ನು ಮುಚ್ಚಿಡಬಾರದು. ಕಿಡ್ನಿಗೆ ಅದೂ ಭಾರ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುವವರ ಇಜಿಎಫ್‌ಆರ್ ಮೂವತ್ತಕ್ಕಿಂತ ಕಡಿಮೆ ಇದ್ದರೆ ಸಿಟಿ ಡೈ ಹಾಕಿದ ಹೊತ್ತಿನಿಂದ 48 ಗಂಟೆ ಮಾತ್ರೆ ನಿಲ್ಲಿಸಿ, ಕಿಡ್ನಿ ಟೆಸ್ಟ್ ಮತ್ತೆ ನೋಡಿದ ಮೇಲೆ ಶುರು ಮಾಡುವುದು ಕ್ರಮ. ಮೀನು, ಸೀಗಡಿ ಒಗ್ಗದವರಿಗೆ ಡೈ ಹಾಕಬಾರದು ಎಂಬ ಮಾತು ಎಲ್ಲೆಲ್ಲೂ ಇದೆ, ಅದರಲ್ಲಿ ಹುರುಳಿಲ್ಲ. ನಿಜಕ್ಕೂ ಹೆದರಬೇಕಾದ್ದು ಹಿಂದೊಮ್ಮೆ ಅದೇ ಬಗೆಯ ಡೈಯಿಂದ ದದ್ದೋ ಉಬ್ಬಸವೋ ಆಗಿದ್ದರೆ.

ಅಂಥವರಿಗೆ ಡಾಕ್ಟರು ಬ್ರ್ಯಾಂಡ್ ಬದಲಿಸುತ್ತಾರೆ, ಜೊತೆಗೆ ಸ್ಟೆರಾಯ್ಡ್ ಮಾತ್ರೆ ಬರೆದು ಕೊಡುತ್ತಾರೆ. ರೂಢಿಯ ಕ್ರಮ 13, 7 ಮತ್ತು 1 ಗಂಟೆ ಮುಂಚೆ ಪ್ರತಿ ಸಲ 50 ಮಿ.ಗ್ರಾಂ ಪ್ರೆಡ್ನಿಸೊಲೋನ್. ಬೆಳಗ್ಗೆ 10ಕ್ಕೆ ಸ್ಕ್ಯಾನ್ ಇದ್ದರೆ ಹಿಂದಿನ ರಾತ್ರಿ 9ಕ್ಕೆ, ನಸುಕಿನ 3ಕ್ಕೆ, ಬೆಳಗ್ಗೆ 9ಕ್ಕೆ. ಸ್ಕ್ಯಾನ್ ಸೆಂಟರಿಗೆ ಬಂದು ಹೇಳಿದರೆ ಮಾತ್ರೆ ಕೆಲಸ ಮಾಡಲು ಹೊತ್ತೇ ಇರುವುದಿಲ್ಲ, ಆದ್ದರಿಂದ ಮುಂಚಿತವಾಗಿ ಹೇಳಿ.

ಇಂಜೆಕ್ಷನ್ ಹೋಗುವಾಗ ಮೈ ಬಿಸಿಯಾಗುವುದು, ಬಾಯಲ್ಲಿ ಲೋಹದ ರುಚಿ, ಉಚ್ಚೆ ಹೋದಂತೆ ಅನ್ನಿಸುವುದು ಸಹಜ, ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಸೂಜಿ ಚುಚ್ಚಿದ ಜಾಗ ಉರಿದು ಊದಿದರೆ ಡೈ ನರದಿಂದ ಹೊರಗೆ ಹೋಗುತ್ತಿದೆ, ಕೂಡಲೇ ಕೂಗಿ. ಕೈ ಎತ್ತರಕ್ಕಿಟ್ಟು ತಣ್ಣನೆ ಬಟ್ಟೆ ಒತ್ತಬೇಕು. ಬೆರಳು ಜೋಮು ಹಿಡಿದರೆ, ಬೊಬ್ಬೆ ಎದ್ದರೆ ಅವತ್ತೇ ಸರ್ಜನ್ ನೋಡಬೇಕು.

ಗಂಟಲು ಬಿಗಿಯುವುದು, ಉಬ್ಬಸ, ತಲೆ ಸುತ್ತಿ ಬೀಳುವುದು ಶುರುವಾದರೆ ಮೊದಲ ಮದ್ದು ಅಡ್ರಿನಲಿನ್: ದೊಡ್ಡವರಿಗೆ 0.5 ಮಿ.ಗ್ರಾಂ ತೊಡೆಯ ಸ್ನಾಯುವಿಗೆ. ಬರೀ ಆವಿಲ್ (ಅಲರ್ಜಿಯ ಮದ್ದು) ಕೊಟ್ಟು ಕಾಯುವುದರಲ್ಲಿ ಜೀವ ಹೋಗಬಹುದು. ದೊಡ್ಡ ತೊಂದರೆಗಳು ಹೆಚ್ಚಾಗಿ ಮೊದಲ 20-30 ನಿಮಿಷದಲ್ಲೇ ಕಾಣಿಸುತ್ತವೆ. ಅಷ್ಟು ಹೊತ್ತು ಸೂಜಿ ತೆಗೆಸದೆ ಅಲ್ಲೇ ಕೂರಿ. ಆಗುಂಬೆ, ಹುಲಿಕಲ್ ಘಾಟಿಯ ತಿರುವಿನಲ್ಲಿ ಉಸಿರು ಕಟ್ಟಿದರೆ ಯಾರೂ ಸಿಗುವುದಿಲ್ಲ. ದದ್ದು, ತುರಿಕೆ ಒಂದು ವಾರದೊಳಗೆ ಯಾವಾಗಲಾದರೂ ಬರಬಹುದು.

ಹೊರಡುವ ಮುಂಚೆ ಡೈ ಬಾಟಲಿಯ ಲೇಬಲ್‌ನ ಫೋಟೊ ತೆಗೆದುಕೊಳ್ಳಿ. ಅದರಲ್ಲಿ ಔಷಧದ ಹೆಸರು (ಅಯೋಹೆಕ್ಸಾಲ್ ಎಂದೋ ಏನೋ), 300 ಅಥವಾ 350 ಎಂಬ ಅಂಕಿ (ಮಿಲಿಗೆ ಅಷ್ಟು ಮಿ.ಗ್ರಾಂ ಅಯೋಡಿನ್), ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುತ್ತವೆ. ಬಾಟಲಿ ಕಸಕ್ಕೆ ಹೋದ ಮೇಲೆ ಇದನ್ನು ಹುಡುಕುವುದು ಬಲು ಕಷ್ಟ.

ಇನ್ನು ಪರಿಹಾರದ ಮಾತು. ಡೈ ಒಗ್ಗಲಿಲ್ಲ ಎಂಬುದೊಂದರಿಂದಲೇ ಕೇಸು ನಿಲ್ಲುವುದಿಲ್ಲ. ಎಷ್ಟು ಎಚ್ಚರ ವಹಿಸಿದರೂ ಅದು ಆಗಬಹುದು. ಹಿಂದಿನ ಅಲರ್ಜಿ ಕೇಳಲಿಲ್ಲ, ಕಿಡ್ನಿ ಕಾಯಿಲೆ ಗೊತ್ತಿದ್ದೂ ಟೆಸ್ಟ್ ನೋಡಲಿಲ್ಲ, ಅಪಾಯ ವಿವರಿಸದೆ ಸಹಿ ಹಾಕಿಸಿಕೊಂಡರು, ಅಡ್ರಿನಲಿನ್ ಇರಲಿಲ್ಲ ಅಥವಾ ತಡವಾಯಿತು ಎಂಬಂಥದ್ದನ್ನು ಕಾಗದದಲ್ಲಿ ತೋರಿಸಬೇಕು. ಕೇಸ್ ಶೀಟ್, ಒಪ್ಪಿಗೆ ಪತ್ರದ ಪ್ರತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2002ರ ವೈದ್ಯಕೀಯ ನಡತೆ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಸರ್ಕಾರಿ ಆಸ್ಪತ್ರೆಯಾದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯೂ ಆಗುತ್ತದೆ. ಸಾವಾಗಿದ್ದರೆ, ಎಷ್ಟೇ ಸಂಕಟವಿದ್ದರೂ ಪೋಸ್ಟ್‌ಮಾರ್ಟಂ ಬೇಡ ಎನ್ನಬೇಡಿ. ಅದಿಲ್ಲದೆ ಕಾರಣ ಸಾಬೀತು ಮಾಡುವುದು ತೀರಾ ಕಷ್ಟ. ಅಡ್ಡಪರಿಣಾಮವನ್ನು 1800-180-3024 ಸಹಾಯವಾಣಿಗೆ ನೀವೇ ತಿಳಿಸಬಹುದು, ಆದರೆ ಅದು ಪರಿಹಾರದ ಅರ್ಜಿಯಲ್ಲ.

ಹಣ ಕೊಟ್ಟು ಮಾಡಿಸಿದ ಸ್ಕ್ಯಾನ್ ಆದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನೂ ಗ್ರಾಹಕ ಕಾನೂನಿನೊಳಗೆ ತಂದಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಮಾತ್ರ ಹೊರಗೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾಗಾಗಿ ಸ್ಕ್ಯಾನ್ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಆಗಿದ್ದರೂ ಸಾಗರದವರು ಶಿವಮೊಗ್ಗ ದಾಟಬೇಕಿಲ್ಲ. ಗಡುವು ತೊಂದರೆಯಾದ ದಿನದಿಂದ 2 ವರ್ಷ. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಆಯೋಗ ಒಪ್ಪಬಹುದು, ಆದರೆ ಅದನ್ನು ನಂಬಿ ಕೂರಬೇಡಿ: ಬೇರೊಬ್ಬ ತಜ್ಞ ಡಾಕ್ಟರರಿಂದ ಲಿಖಿತ ಅಭಿಪ್ರಾಯ ಪಡೆಯುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.